ಹಾಫ್‌ಕಿನ್: ಲಸಿಕೆ, ಲೆಕ್ಕ ಮತ್ತು ಆರೋಪ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿ ಬಂದರಿನಿಂದ ಒಳನಾಡಿಗೆ ಹಬ್ಬಿದ ಪ್ಲೇಗು ಕನ್ನಡನಾಡಿನ ಸಾಮಾಜಿಕ ಸ್ಮೃತಿಯಲ್ಲಿ ಆಳವಾದ ಗುರುತನ್ನು ಉಳಿಸಿದೆ. ಇಲಿ ಬಿತ್ತೆಂದರೆ ಊರು ಬಿಡುವುದು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು, ಪ್ಲೇಗಮ್ಮನಿಗೆ ಗುಡಿ ಕಟ್ಟುವುದು, ಇವೆಲ್ಲ ಆ ಕಾಲದ ಬದುಕಿನ ಭಾಗಗಳಾಗಿದ್ದವು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ (೧೯೬೫) ಅಗ್ರಹಾರದ ನೈತಿಕ ಬಿಕ್ಕಟ್ಟು ಪ್ಲೇಗಿನ ನೆರಳಿನಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಪ್ಲೇಗನ್ನು ಕುರಿತ ಕಥನಗಳು ಹೀಗೆ ಸಾಕಷ್ಟಿವೆ. ಆದರೆ ಅದರ ವಿರುದ್ಧ ಮೊದಲ ಚುಚ್ಚುಮದ್ದನ್ನು ರೂಪಿಸಿ, ಈ ದೇಶದಲ್ಲಿಯೇ ಅದನ್ನು ಪರೀಕ್ಷಿಸಿ, ಕೊನೆಗೆ ಅದೇ ಚುಚ್ಚುಮದ್ದಿನ ಕಾರಣದಿಂದ ಅಪವಾದಕ್ಕೆ ಗುರಿಯಾದ ವಾಲ್ಡೆಮಾರ್ ಹಾಫ್‌ಕಿನ್‌ನ ಬದುಕು ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹಾಫ್‌ಕಿನ್‌ನ ಜೀವನವನ್ನು ಒಬ್ಬ ವಿಜ್ಞಾನಿಯ ಸಾಧನೆಯ ಕಥೆಯೆಂದು ಮಾತ್ರ ಓದಿದರೆ ಅದರ ತಿರುಳು ಕೈತಪ್ಪುತ್ತದೆ. ಸಾರ್ವಜನಿಕ ಆರೋಗ್ಯದ ಒಂದು ಮೂಲಭೂತ ಸಮಸ್ಯೆ ಆ ಬದುಕಿನ ಕೇಂದ್ರದಲ್ಲಿದೆ. ರೋಗಿಗೆ ಕೊಡುವ ಔಷಧಿ ಬೇರೆ, ನಿರೋಗಿಗೆ ಹಾಕುವ ಲಸಿಕೆ ಬೇರೆ. ಔಷಧಿಯಿಂದ ಗುಣವಾದವನು ಎದುರಿಗೆ ಎದ್ದು ಕುಳಿತಿರುತ್ತಾನೆ. ಲಸಿಕೆಯಿಂದ ಬದುಕುಳಿದವನನ್ನು ಮಾತ್ರ ಹೀಗೆ ಬೊಟ್ಟುಮಾಡಿ ತೋರಿಸಲಾಗದು. ಬಾರದ ರೋಗವನ್ನು ಯಾರೂ ಕಾಣಲಾರರು. ಆದರೆ ಲಸಿಕೆಯಿಂದ ಕೇಡಾದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಅಸಮತೆಯನ್ನು ನೀಗಲು ಲೆಕ್ಕವೊಂದೇ ಸಾಕ್ಷಿಯೆಂದು ಹಾಫ್‌ಕಿನ್ ನಂಬಿದ್ದನು. ತಾನೇ ಆರೋಪಿಯಾಗಿ ನಿಂತಾಗ ಆ ಬಗೆಯ ಲೆಕ್ಕಾಚಾರದ ನ್ಯಾಯ ಅವನಿಗೆ ಸುಲಭವಾಗಿ ದೊರೆಯಲಿಲ್ಲ.

ಒಡೆಸ್ಸಾದಿಂದ ಪ್ಯಾರಿಸ್ಸಿಗೆ

ಹಾಫ್‌ಕಿನ್ ಹುಟ್ಟಿದ್ದು ೧೮೬೦ರ ಮಾರ್ಚ್ ೧೫ರಂದು, ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ. ಬಾಲ್ಯ ಕಳೆದದ್ದು ಬೆರ್ಡಿಯಾನ್ಸ್ಕ್ ಎಂಬ ಬಂದರು ಪಟ್ಟಣದಲ್ಲಿ. ೧೮೭೯ರಲ್ಲಿ ಒಡೆಸ್ಸಾದ ವಿಶ್ವವಿದ್ಯಾಲಯವನ್ನು ಸೇರಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದನು. ಅಲ್ಲಿ ಆತನಿಗೆ ಗುರುವಾಗಿ ದೊರೆತವನು ಇಲ್ಯಾ ಮೆಚ್ನಿಕಾಫ್. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವ ಕ್ರಿಯೆಯನ್ನು ವಿವರಿಸಿ, ಮುಂದೆ ೧೯೦೮ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಆತ.

ಅದು ಯಹೂದಿಗಳಿಗೆ ಸುಖದ ಕಾಲವಾಗಿರಲಿಲ್ಲ. ೧೮೮೧ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಬಳಿಕ ದಕ್ಷಿಣ ರಷ್ಯಾದ ಊರುಗಳಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದವು. ಒಡೆಸ್ಸಾದ ಯಹೂದಿ ತರುಣರು ಕಟ್ಟಿಕೊಂಡ ಆತ್ಮರಕ್ಷಣೆಯ ಗುಂಪಿನಲ್ಲಿ ಹಾಫ್‌ಕಿನ್ ಇದ್ದನು, ಬಂಧನಕ್ಕೂ ಒಳಗಾದನು. ಮೆಚ್ನಿಕಾಫ್ ಮಧ್ಯೆ ಪ್ರವೇಶಿಸಿದ್ದರಿಂದ ಬಿಡುಗಡೆಯಾಯಿತು. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗುವ ಅವಕಾಶ ಕ್ರೈಸ್ತ ಮತಕ್ಕೆ ಮತಾಂತರಗೊಂಡಿದ್ದರೆ ತೆರೆದುಕೊಳ್ಳುತ್ತಿತ್ತು. ಆತ ಅದಕ್ಕೆ ಒಪ್ಪಲಿಲ್ಲ. ಕೆಲವು ವರ್ಷ ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ದುಡಿದು, ೧೮೮೮ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದನು. ಮರುವರ್ಷ, ಆಗಲೇ ಮೆಚ್ನಿಕಾಫ್ ನೆಲೆಸಿದ್ದ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಅವನಿಗೊಂದು ಕೆಲಸ ಸಿಕ್ಕಿತು. ಅದು ಪ್ರಯೋಗಾಲಯದ ಹುದ್ದೆಯಲ್ಲ, ಗ್ರಂಥಾಲಯದ ಸಹಾಯಕನ ಹುದ್ದೆ. ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯ ಬಳಸಲು ಅವಕಾಶವಿತ್ತು.

ಆ ಬಿಡುವಿನಲ್ಲಿ ಆತ ಕಾಲರಾವನ್ನು ಕೈಗೆತ್ತಿಕೊಂಡನು. ರಾಬರ್ಟ್ ಕಾಖ್ ೧೮೮೪ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಖಚಿತಪಡಿಸಿದ್ದನು. ಹಾಫ್‌ಕಿನ್ ಅದೇ ರೋಗಾಣುವಿನಿಂದ ಎರಡು ಬಗೆಯ ಕೃಷಿಗಳನ್ನು ಸಿದ್ಧಪಡಿಸಿದನು: ಮೊದಲನೆಯದು ಶಕ್ತಿಗುಂದಿಸಿದ್ದು, ಎರಡನೆಯದು ಪ್ರಾಣಿಗಳ ಶರೀರದಲ್ಲಿ ಮತ್ತೆ ಮತ್ತೆ ಹಾಯಿಸಿ ತೀಕ್ಷ್ಣಗೊಳಿಸಿದ್ದು. ಮೊದಲು ದುರ್ಬಲವಾದದ್ದನ್ನು, ಕೆಲವು ದಿನಗಳ ಅನಂತರ ಪ್ರಬಲವಾದದ್ದನ್ನು ಚುಚ್ಚುವುದು ಆತನ ಕ್ರಮ. ೧೮೯೨ರ ಜುಲೈ ೧೮ರಂದು ಆತ ಅದನ್ನು ಮೊದಲು ಚುಚ್ಚಿಕೊಂಡದ್ದು ತನ್ನ ದೇಹಕ್ಕೆ. ಜ್ವರ ಬಂದು ಇಳಿಯಿತು. ಆನಂತರ ಗೆಳೆಯರು ಮುಂದೆ ಬಂದರು. ಹೊಸ ಲಸಿಕೆ ಅಪಾಯಕಾರಿಯಲ್ಲ ಎಂಬುದು ಇದರಿಂದ ತಿಳಿಯಿತು. ಅದು ರೋಗವನ್ನು ತಡೆಯುತ್ತದೆಯೇ ಎಂಬುದು ಕಾಲರಾ ಇರುವ ನೆಲದಲ್ಲಿ ಮಾತ್ರ ತಿಳಿಯಬಹುದಿತ್ತು. ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಡಫ್ರಿನ್ ಪ್ರಭುವಿನ ಬೆಂಬಲದಿಂದ ಹಾಫ್‌ಕಿನ್ ೧೮೯೩ರ ಮಾರ್ಚ್‌ನಲ್ಲಿ ಕಲ್ಕತ್ತೆಗೆ ಬಂದಿಳಿದನು.

ಲೆಕ್ಕದ ವಿಧಾನ

ಭಾರತದಲ್ಲಿ ಆತನ ಸ್ಥಾನ ವಿಚಿತ್ರವಾಗಿತ್ತು. ಆತ ಇಂಗ್ಲಿಷನಲ್ಲ, ಬ್ರಿಟಿಷರು ಶಂಕೆಯಿಂದ ನೋಡುತ್ತಿದ್ದ ರಷ್ಯಾದಿಂದ ಬಂದವನು. ವೈದ್ಯ ಪದವೀಧರನಲ್ಲ, ಪ್ರಾಣಿಶಾಸ್ತ್ರಜ್ಞ. ಸೈನ್ಯದ ಶ್ರೇಣಿಗಳನ್ನು ಅನುಸರಿಸುತ್ತಿದ್ದ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಸದಸ್ಯನಲ್ಲ. ಹೀಗೆ ಯಾವ ಬಳಗಕ್ಕೂ ಸೇರದ ಆತ ಉತ್ತರ ಭಾರತದ ಊರೂರು ಸುತ್ತಿ, ಮೊದಲ ವರ್ಷದಲ್ಲಿಯೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕಾಲರಾ ಲಸಿಕೆ ಹಾಕಿದನು. ಚುಚ್ಚಿಸಿಕೊಳ್ಳುವುದು ಕಡ್ಡಾಯವಾಗಿರಲಿಲ್ಲ, ಒಪ್ಪಿ ಮುಂದೆ ಬಂದವರಿಗೆ ಮಾತ್ರ ಹಾಕಲಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಹಾಫ್‌ಕಿನ್‌ನ ವಿಧಾನ. ಲಸಿಕೆ ಪಡೆದವರು ಎಷ್ಟು ಮಂದಿ ಉಳಿದರು ಎಂಬುದಷ್ಟೇ ಆತನಿಗೆ ಸಾಲದು. ಅದೇ ನೀರು ಕುಡಿದು, ಅದೇ ಸೂರಿನಡಿ ಮಲಗಿ, ಲಸಿಕೆ ಪಡೆಯದೆ ಇದ್ದವರಲ್ಲಿ ಎಷ್ಟು ಮಂದಿ ಸತ್ತರು ಎಂಬುದೂ ಬೇಕಾಗಿತ್ತು. ೧೮೯೪ರಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿ ಡಬ್ಲ್ಯು. ಜೆ. ಸಿಂಪ್ಸನ್‌ನ ಆಹ್ವಾನದ ಮೇರೆಗೆ ಆತ ಅಲ್ಲಿನ ಬಸ್ತಿಗಳಿಗೆ ಹೋದನು. ಕಟ್ಟಾಲ್ ಬಾಗಾನ್ ಬಸ್ತಿಯಲ್ಲಿದ್ದ ಸುಮಾರು ೨೦೦ ಜನರಲ್ಲಿ ೧೧೬ ಮಂದಿ ಚುಚ್ಚಿಸಿಕೊಂಡರು. ಅನಂತರ ಅಲ್ಲಿ ಕಾಣಿಸಿಕೊಂಡ ಕಾಲರಾ ಚುಚ್ಚಿಸಿಕೊಳ್ಳದವರನ್ನು ಮಾತ್ರ ಹಿಡಿಯಿತು. ಒಂದೇ ಬಸ್ತಿಯೊಳಗಿನ ಈ ಹೋಲಿಕೆ ಜನರನ್ನೂ ನಗರಸಭೆಯನ್ನೂ ಒಪ್ಪಿಸಿತು. ೧೮೯೫ರಲ್ಲಿ ಮಲೇರಿಯಾದಿಂದ ಬಳಲಿ ಆತ ಯೂರೋಪಿಗೆ ತೆರಳಿದನು. ೧೮೯೬ರಲ್ಲಿ ಮರಳಿ ಬಂದನು.

ಪ್ಲೇಗಿನ ಮುಂಬಯಿ

೧೮೯೬ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಪತ್ತೆಯಾಯಿತು. ಸರ್ಕಾರದ ಕೋರಿಕೆಯಂತೆ ಹಾಫ್‌ಕಿನ್ ಅಕ್ಟೋಬರ್‌ನಲ್ಲಿ ಅಲ್ಲಿಗೆ ಬಂದನು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಅದರ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಆರಂಭದ ಸಲಕರಣೆ. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಎರ್ಸಿನ್ ಎರಡು ವರ್ಷಗಳ ಹಿಂದಷ್ಟೇ, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ರೋಗ ಹರಡುವುದು ಇಲಿಯ ಚಿಗಟದಿಂದ ಎಂಬ ಸತ್ಯವನ್ನು ಪಾಲ್ ಲೂಯಿ ಸಿಮೊನ್ ಕಂಡುಕೊಂಡದ್ದು ೧೮೯೮ರಲ್ಲಿ. ಅದು ಸಾರ್ವತ್ರಿಕವಾಗಿ ಒಪ್ಪಿತವಾಗಲು ಇನ್ನೂ ಹಲವು ವರ್ಷಗಳು ಬೇಕಾದವು. ಹೇಗೆ ಹರಡುತ್ತದೆಂದು ತಿಳಿಯದ ರೋಗಕ್ಕೆ ತಡೆಯನ್ನು ಹುಡುಕುವ ಕೆಲಸ ಅದಾಗಿತ್ತು.

ಕಾಲರಾಕ್ಕೆ ಜೀವಂತ ರೋಗಾಣು ಬಳಸಿದ್ದ ಹಾಫ್‌ಕಿನ್ ಪ್ಲೇಗಿಗೆ ಸತ್ತ ರೋಗಾಣುವನ್ನು ಆರಿಸಿಕೊಂಡನು. ಪೌಷ್ಟಿಕ ಸಾರಿನ ಮೇಲೆ ತುಪ್ಪದ ತೊಟ್ಟುಗಳನ್ನು ತೇಲಿಬಿಟ್ಟರೆ, ರೋಗಾಣುಗಳು ಅವುಗಳ ಅಡಿಗೆ ಅಂಟಿಕೊಂಡು ಆಲದ ಬಿಳಲುಗಳಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಪಾತ್ರೆಯನ್ನು ಅಲುಗಿಸಿದಾಗ ಬಿಳಲುಗಳು ಉದುರಿ ಹೊಸವು ಇಳಿಯುತ್ತಿದ್ದವು. ಹೀಗೆ ಬೆಳೆದ ರಾಶಿಯನ್ನು ಕಾಯಿಸಿ, ರೋಗಾಣುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಲಸಿಕೆ ಸಿದ್ಧವಾಗುತ್ತಿತ್ತು. ೧೮೯೭ರ ಜನವರಿ ೧೦ರಂದು, ಕೆಲಸ ಆರಂಭಿಸಿದ ಮೂರೇ ತಿಂಗಳಲ್ಲಿ, ಆತ ಜನರಿಗೆ ನಿಗದಿಪಡಿಸಿದ್ದಕ್ಕಿಂತ ಬಹಳ ಹೆಚ್ಚಿನ ಪ್ರಮಾಣವನ್ನು ತನಗೇ ಚುಚ್ಚಿಸಿಕೊಂಡನು. ಜ್ವರ, ನೋವು ಕಾಣಿಸಿಕೊಂಡರೂ ಕೆಲಸ ನಿಲ್ಲಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿದಾಗ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಲಸಿಕೆಗೆ ಮುಂದೆ ಬಂದರು. ಅಲ್ಲಿಯೂ ಎರಡು ಗುಂಪುಗಳ ನಡುವಿನ ಅಂತರ ಲಸಿಕೆಯ ಪರವಾಗಿತ್ತು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರವಾದ ಒಪ್ಪಿಗೆ ಎಂಬ ಪ್ರಶ್ನೆಯನ್ನು ಇಂದಿನ ಸಂಶೋಧನಾ ನೀತಿ ಎತ್ತುತ್ತದೆ. ಅಂದಿನ ಆಡಳಿತಕ್ಕೆ ಅದು ಪ್ರಶ್ನೆಯಾಗಿ ಕಾಣಲಿಲ್ಲ.

ಇದೇ ವರ್ಷದ ರಾಜಕೀಯ ಹಿನ್ನೆಲೆಯನ್ನು ಇಲ್ಲಿ ನೆನೆಯುವುದು ಅಗತ್ಯ. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದರೆಂಬ ಆಕ್ರೋಶ ಹಬ್ಬಿತು. ಜೂನ್ ೨೨ರಂದು ಪ್ಲೇಗು ಅಧಿಕಾರಿ ರ್‍ಯಾಂಡ್‌ನನ್ನು ಚಾಪೇಕರ್ ಸೋದರರು ಗುಂಡಿಕ್ಕಿದರು. ಸರ್ಕಾರದ ಆರೋಗ್ಯ ಕ್ರಮವೆಂದರೆ ಬಲಾತ್ಕಾರ ಎಂಬ ಭಾವನೆ ನೆಲೆಯೂರಿದ್ದ ಆ ಸಂದರ್ಭದಲ್ಲಿ ಲಸಿಕೆಯ ಸುತ್ತ ವದಂತಿಗಳು ಹುಟ್ಟಿದ್ದು ಅಸಹಜವಲ್ಲ. ಹಾಫ್‌ಕಿನ್ ನೆಚ್ಚಿಕೊಂಡದ್ದು ಸಮುದಾಯಗಳ ಮುಖಂಡರನ್ನು. ಖೋಜಾ ಸಮುದಾಯದ ಧರ್ಮಗುರು ಮೂರನೆಯ ಆಗಾಖಾನ್ ಜನರೆದುರಿಗೆ ಚುಚ್ಚಿಸಿಕೊಂಡು ತನ್ನವರ ಹೆದರಿಕೆಯನ್ನು ಹೋಗಲಾಡಿಸಿದನು. ಲಸಿಕೆ ತಯಾರಿಕೆಗೆ ತನ್ನ ಬಂಗಲೆಯನ್ನೂ ಬಿಟ್ಟುಕೊಟ್ಟನು.

ಉಂಧೇರಾ ಮತ್ತು ಹುಬ್ಬಳ್ಳಿ

ಹಾಫ್‌ಕಿನ್‌ನ ವಿಧಾನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬರೋಡಾ ಸಮೀಪದ ಉಂಧೇರಾ ಗ್ರಾಮದಲ್ಲಿ. ೧೮೯೮ರ ಫೆಬ್ರವರಿಯಲ್ಲಿ ಪ್ಲೇಗು ಹೊಕ್ಕ ಈ ಊರಿನಲ್ಲಿ, ಪ್ರತಿ ಮನೆಯಲ್ಲಿಯೂ ಅರ್ಧದಷ್ಟು ಜನರಿಗೆ ಲಸಿಕೆ ಹಾಕಲಾಯಿತು. ಆಮೇಲೆ ಪ್ಲೇಗು ತಗುಲಿದ್ದು ೨೮ ಮನೆಗಳಿಗೆ. ಆ ಮನೆಗಳಲ್ಲಿ ಲಸಿಕೆ ಪಡೆದಿದ್ದ ೭೧ ಜನರಲ್ಲಿ ೮ ಮಂದಿಗೆ ರೋಗ ಬಂದು ೩ ಮಂದಿ ಸತ್ತರು. ಲಸಿಕೆ ಪಡೆಯದ ೬೪ ಜನರಲ್ಲಿ ೨೭ ಮಂದಿಗೆ ರೋಗ ಬಂದು ೨೬ ಮಂದಿ ಸತ್ತರು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಲಸಿಕೆ ಪೂರ್ಣ ರಕ್ಷಣೆ ಕೊಡುವುದಿಲ್ಲ ಎಂಬುದನ್ನು ಅವು ಮುಚ್ಚಿಡುವುದಿಲ್ಲ. ಬಹುಪಾಲು ಸಾವುಗಳನ್ನು ಅದು ತಪ್ಪಿಸುತ್ತದೆ ಎಂಬುದಕ್ಕೂ ಅವೇ ಆಧಾರ. ಒಂದೇ ಮನೆಯ ಅರ್ಧ ಜನರನ್ನು ಲಸಿಕೆಯಿಂದ ಹೊರಗಿಟ್ಟು ಪಡೆದ ಜ್ಞಾನ ಇದು ಎಂಬ ನೋವಿನ ಸಂಗತಿಯನ್ನೂ ಇದರೊಂದಿಗೆ ದಾಖಲಿಸಬೇಕು.

ಅದೇ ವರ್ಷ ಪ್ಲೇಗು ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳಿಗೆ ಇಳಿಯಿತು. ಧಾರವಾಡ ಜಿಲ್ಲೆಯ ಹುಬ್ಬಳ್ಳಿ ಅರಳೆಯ ಪೇಟೆ. ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ ಊರು. ಸುಮಾರು ೫೦,೦೦೦ ಜನಸಂಖ್ಯೆಯ ಈ ಪಟ್ಟಣದಲ್ಲಿ ೧೮೯೮ರ ಮೇ ತಿಂಗಳಿನಿಂದ ಡಾಕ್ಟರ್ ಲ್ಯೂಮನ್ನನ ನೇತೃತ್ವದಲ್ಲಿ ಸಾಮೂಹಿಕ ಲಸಿಕಾ ಕಾರ್ಯ ನಡೆಯಿತು. ಕೆಲವೇ ತಿಂಗಳುಗಳಲ್ಲಿ ಊರಿನಲ್ಲಿ ಉಳಿದಿದ್ದವರ ಬಹುಪಾಲು ಲಸಿಕೆ ಪಡೆದಿತ್ತು. ಧಾರವಾಡ, ಗದಗಗಳಿಗೂ ಈ ಕಾರ್ಯ ವಿಸ್ತರಿಸಿತು. ಸೆರೆಮನೆ ಅಥವಾ ಚಿಕ್ಕ ಹಳ್ಳಿಯಲ್ಲಿ ನಡೆದಿದ್ದ ಪರೀಕ್ಷೆ ಪಟ್ಟಣವೊಂದರ ಮಟ್ಟಕ್ಕೆ ಏರಿದ್ದು ಕನ್ನಡನಾಡಿನ ಈ ಊರುಗಳಲ್ಲಿ. ಪ್ಲೇಗು ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಮತ್ತೆ ಮತ್ತೆ ಬರುವುದು ಈ ಕಾರಣದಿಂದ.

ಹಾಗೆಂದು ಎಲ್ಲರೂ ಈ ಲೆಕ್ಕಗಳನ್ನು ಪ್ರಶ್ನಿಸದೆ ಒಪ್ಪಲಿಲ್ಲ. ೧೮೯೮-೯೯ರಲ್ಲಿ ಟಿ. ಆರ್. ಫ್ರೇಸರ್‌ನ ಅಧ್ಯಕ್ಷತೆಯ ಭಾರತೀಯ ಪ್ಲೇಗು ಆಯೋಗ ಲಸಿಕೆಯಿಂದ ರೋಗದ ತಗಲುವಿಕೆಯೂ ಸಾವೂ ಕಡಿಮೆಯಾಗುತ್ತವೆಂದು ಒಪ್ಪಿತಾದರೂ, ಅಂಕಿಸಂಖ್ಯೆಗಳ ಖಚಿತತೆ ಮತ್ತು ಲಸಿಕೆಯ ಪ್ರಮಾಣೀಕರಣದ ವಿಷಯದಲ್ಲಿ ಆಕ್ಷೇಪಗಳನ್ನೆತ್ತಿತು. ಆ ಆಕ್ಷೇಪಗಳಲ್ಲಿ ಹುರುಳಿಲ್ಲವೆನ್ನಲಾಗದು. ೧೮೯೯ರ ಆಗಸ್ಟ್‌ನಲ್ಲಿ ಪ್ರಯೋಗಾಲಯ ಪರೇಲ್‌ನ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿತು. ಹಾಫ್‌ಕಿನ್ ಅದರ ಮುಖ್ಯಸ್ಥನಾದನು. ಒಂದು ಕೋಣೆಯಲ್ಲಿ ಆರಂಭವಾದ ಕೆಲಸ ಮೂರು ವರ್ಷಗಳೊಳಗೆ ದೊಡ್ಡ ಸಂಸ್ಥೆಯಾಗಿ ಬೆಳೆದಿತ್ತು.

ಮುಲ್ಕೋವಾಲ್

೧೯೦೨ರಲ್ಲಿ ಪಂಜಾಬಿನಲ್ಲಿ ಪ್ಲೇಗು ತೀವ್ರಗೊಂಡು, ಅಲ್ಲಿನ ಸರ್ಕಾರ ಅಪಾರ ಪ್ರಮಾಣದಲ್ಲಿ ಲಸಿಕೆಯನ್ನು ಬೇಡಿತು. ಬೇಡಿಕೆಯನ್ನು ಪೂರೈಸಲು ಪರೇಲ್‌ನಲ್ಲಿ ತಯಾರಿಕಾ ಕ್ರಮವನ್ನು ಬದಲಿಸಲಾಯಿತು. ಹೊಸ ಕ್ರಮದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಡಲಾಗಿತ್ತು. ಅಕ್ಟೋಬರ್ ೩೦ರಂದು ಪಂಜಾಬಿನ ಗುಜರಾತ್ ಜಿಲ್ಲೆಯ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರು ಲಸಿಕೆ ಪಡೆದರು. ಸುಮಾರು ಒಂದು ವಾರದ ಬಳಿಕ ಅವರಲ್ಲಿ ೧೯ ಮಂದಿಗೆ ಧನುರ್ವಾಯುವಿನ ಲಕ್ಷಣಗಳು ಕಾಣಿಸಿದವು. ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರಿಗೂ ಲಸಿಕೆ ಹಾಕಿದ್ದು ೫೩ ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಲಸಿಕೆ ಪಡೆದ ೮೮ ಮಂದಿಗೆ ಏನೂ ಆಗಲಿಲ್ಲ.

ಪ್ಲೇಗಿಗೆ ಹೆದರಿ, ಸರ್ಕಾರವನ್ನು ನಂಬಿ ತೋಳು ಒಡ್ಡಿದ ಆರೋಗ್ಯವಂತರು ಅವರು. ಆ ಸಾವುಗಳನ್ನು ಯಾವ ಅಂಕಿಸಂಖ್ಯೆಯೂ ತೂಗಿ ಸರಿದೂಗಿಸಲಾರದು. ತಪ್ಪು ಎಲ್ಲಿ ನಡೆಯಿತೆಂದು ತಿಳಿಯುವ ಹಕ್ಕು ಮೊದಲಿಗೆ ಅವರ ಮನೆಯವರದಾಗಿತ್ತು. ಆದ್ದರಿಂದ ವಿಚಾರಣೆ ನಡೆದದ್ದು ಸರಿಯಾಗಿಯೇ ಇತ್ತು. ಪ್ರಶ್ನೆಯಿರುವುದು ಆ ವಿಚಾರಣೆ ಸಾಕ್ಷ್ಯವನ್ನು ಹೇಗೆ ಓದಿತು ಎಂಬುದರಲ್ಲಿ.

ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್‌ನ ಅಧ್ಯಕ್ಷತೆಯ ಆಯೋಗ, ಸೀಸೆಯನ್ನು ತೆರೆಯುವ ಮೊದಲೇ, ಅಂದರೆ ಪರೇಲ್‌ನಲ್ಲಿಯೇ, ಧನುರ್ವಾಯುವಿನ ರೋಗಾಣು ಅದರೊಳಗೆ ಸೇರಿತ್ತೆಂಬ ನಿರ್ಣಯಕ್ಕೆ ಬಂದಿತು. ಕಾರ್ಬಾಲಿಕ್ ಆಮ್ಲ ಬಿಟ್ಟಿದ್ದು ಹಾಫ್‌ಕಿನ್‌ನ ವಿರುದ್ಧದ ಮುಖ್ಯ ಅಂಶಗಳಲ್ಲೊಂದಾಯಿತು. ಪರೇಲ್ ಪ್ರಯೋಗಾಲಯದ ಹೊಣೆಯಿಂದ ಆತನನ್ನು ಸರಿಸಲಾಯಿತು. ೧೯೦೪ರಲ್ಲಿ ಆತ ಯೂರೋಪಿಗೆ ಮರಳಿದನು. ವಿಚಾರಣೆಯ ವಿವರಗಳು ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವಾದದ್ದು ೧೯೦೬ರ ಡಿಸೆಂಬರ್‌ನಲ್ಲಿ. ನಾಲ್ಕು ವರ್ಷಗಳ ಕಾಲ ಆರೋಪವಿತ್ತು. ಆರೋಪಕ್ಕೆ ಬಹಿರಂಗವಾಗಿ ಉತ್ತರಿಸಲು ಬೇಕಾದ ದಾಖಲೆ ಜನರ ಮುಂದಿರಲಿಲ್ಲ.

ದಾಖಲೆಗಳು ಹೊರಬಂದಾಗ ಇನ್ನೊಂದು ಚಿತ್ರ ಕಾಣಿಸಿತು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಹಿಡಿಯದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೇ ನೆಲೆಸುವಂಥದು. ಅದರ ಬೀಜಕಗಳು ಅಂತಹ ದ್ರಾವಣಕ್ಕೆ ಸುಲಭವಾಗಿ ಸಾಯುವುದಿಲ್ಲ. ಆದ್ದರಿಂದ ಲಸಿಕೆಗೆ ಅಲ್ಪ ಪ್ರಮಾಣದ ಕಾರ್ಬಾಲಿಕ್ ಆಮ್ಲ ಬೆರೆಸಿದ್ದರೂ ಅನಾಹುತ ತಪ್ಪುತ್ತಿತ್ತೆಂದು ಹೇಳಲಾಗದು. ಸೀಸೆ ತುಂಬಿದ್ದು ಮುಲ್ಕೋವಾಲ್‌ನ ಘಟನೆಗೆ ೪೧ ದಿನಗಳ ಹಿಂದೆ. ಅಷ್ಟು ದಿನ ರೋಗಾಣು ಒಳಗೆ ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಬರಬೇಕಿತ್ತು, ಆದರೆ ಅಂತಹ ವಾಸನೆಯನ್ನು ಅಲ್ಲಿದ್ದವರು ಗಮನಿಸಿರಲಿಲ್ಲ. ಒಳಗೆ ವಿಷ ತುಂಬಿದ್ದರೆ ಲಕ್ಷಣಗಳು ಬೇಗನೆ ಕಾಣಬೇಕಿತ್ತು. ಒಂದು ವಾರದ ಅಂತರ ಹೊಸದಾಗಿ ತಗುಲಿದ ಸೋಂಕನ್ನು ಸೂಚಿಸುತ್ತಿತ್ತು.

ಮಲೇರಿಯಾ ಸಂಶೋಧನೆಗಾಗಿ ೧೯೦೨ರಲ್ಲಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ವಾದವನ್ನು ಪತ್ರಿಕೆಗಳಲ್ಲಿ ಮುಂದಿಟ್ಟನು. ಕಲ್ಕತ್ತೆಯ ದಿನಗಳಿಂದ ಹಾಫ್‌ಕಿನ್‌ನನ್ನು ಬಲ್ಲ ಸಿಂಪ್ಸನ್ ಜೊತೆಗೂಡಿದನು. ೧೯೦೭ರ ಜುಲೈ ೨೯ರ 'ಟೈಮ್ಸ್' ಪತ್ರಿಕೆಯಲ್ಲಿ ಹತ್ತು ಮಂದಿ ಪರಿಣತರ ಸಹಿಯುಳ್ಳ ಪತ್ರ ಪ್ರಕಟವಾಯಿತು. ಹಿಂದಿನ ವರ್ಷವಷ್ಟೇ ಫ್ರಾನ್ಸಿನ ಯಹೂದಿ ಸೇನಾಧಿಕಾರಿ ಡ್ರೇಫಸ್ ಸುಳ್ಳು ಆರೋಪದಿಂದ ಮುಕ್ತನಾಗಿದ್ದ ಕಾರಣ, ಈ ಪ್ರಕರಣವನ್ನು ಚಿಕ್ಕ ಡ್ರೇಫಸ್ ಪ್ರಕರಣವೆಂದು ಹಲವರು ಕರೆದರು. ಆಡಳಿತಗಾರರ ಮನಸ್ಸಿನಲ್ಲಿ ಜನಾಂಗದ್ವೇಷವೇ ಕೆಲಸ ಮಾಡಿತೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸರಳೀಕರಣವಾದೀತು. ಆದರೆ ವೈದ್ಯನೂ ಅಲ್ಲದ, ಇಂಗ್ಲಿಷನೂ ಅಲ್ಲದ, ಸರ್ವಿಸ್ಸಿನವನೂ ಅಲ್ಲದ ವ್ಯಕ್ತಿಯ ಪರವಾಗಿ ನಿಲ್ಲುವವರು ಒಳಗಡೆ ಯಾರೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಆತ ರೂಪಿಸಿದ ಹೋಲಿಕೆಯ ತರ್ಕ ಆತನ ವಿಷಯದಲ್ಲಿಯೂ ಪ್ರಸ್ತುತವಾಗಿತ್ತು: ಒಂದೇ ದಿನ, ಒಂದೇ ಹಳ್ಳಿಯಲ್ಲಿ ಬಳಸಿದ ಸೀಸೆಗಳಲ್ಲಿ ಕೆಟ್ಟದ್ದು ಒಂದು ಮಾತ್ರ, ಅದನ್ನು ಉಳಿದವುಗಳಿಂದ ಬೇರ್ಪಡಿಸಿದ್ದು ಯಾವುದು ಎಂಬ ಪ್ರಶ್ನೆಯನ್ನು ಸಾಕಷ್ಟು ಗಂಭೀರವಾಗಿ ಕೇಳಿದವರು ಆಯೋಗದ ಹೊರಗಿನವರು.

ಕೊನೆಯ ವರ್ಷಗಳು

೧೯೦೭ರ ಕೊನೆಗೆ ಸರ್ಕಾರ ಹಾಫ್‌ಕಿನ್‌ನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ಪರೇಲ್ ಆತನಿಗೆ ಮರಳಿ ದೊರೆಯಲಿಲ್ಲ. ಕಲ್ಕತ್ತೆಯ ಜೈವಿಕ ಪ್ರಯೋಗಾಲಯದಲ್ಲಿ, ಹಿಂದಿನಂತೆ ಜನರ ನಡುವೆ ಲಸಿಕೆಯನ್ನು ಪರೀಕ್ಷಿಸುವ ಅವಕಾಶವಿಲ್ಲದೆ, ಆತ ಕೆಲಸ ಮಾಡಿದನು. ೧೯೧೪ರಲ್ಲಿ ನಿವೃತ್ತನಾಗಿ ಫ್ರಾನ್ಸಿಗೆ ತೆರಳಿದನು. ಆಮೇಲೆ ಆತನ ಆಸಕ್ತಿ ಹೆಚ್ಚಾಗಿ ಯಹೂದಿ ಧರ್ಮ ಮತ್ತು ಶಿಕ್ಷಣದ ಕಡೆಗೆ ತಿರುಗಿತು. ೧೯೧೬ರಲ್ಲಿ ಸಂಪ್ರದಾಯನಿಷ್ಠೆಯನ್ನು ಸಮರ್ಥಿಸಿ ಪ್ರಬಂಧವೊಂದನ್ನು ಬರೆದನು. ಪೂರ್ವ ಯೂರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳ ನೆರವಿಗಾಗಿ ತನ್ನ ಗಳಿಕೆಯಿಂದ ನಿಧಿಯನ್ನು ಸ್ಥಾಪಿಸಿದನು. ಮತಾಂತರವನ್ನು ನಿರಾಕರಿಸಿ ಅಧ್ಯಾಪಕ ವೃತ್ತಿಯ ಅವಕಾಶವನ್ನು ಬಿಟ್ಟ ತರುಣ ವಯಸ್ಸಾದ ಮೇಲೆ ತನ್ನ ಧರ್ಮಕ್ಕೇ ಮರಳಿದ್ದನ್ನು ಇಲ್ಲಿ ಕಾಣಬಹುದು. ಮದುವೆಯಾಗದೆ ಉಳಿದ ಹಾಫ್‌ಕಿನ್ ೧೯೩೦ರ ಅಕ್ಟೋಬರ್ ೨೬ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡನು.

ಅದಕ್ಕೂ ಮೊದಲೇ, ೧೯೨೫ರಲ್ಲಿ, ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಗಿತ್ತು. ೧೮೯೭ರಿಂದ ೧೯೨೫ರವರೆಗೆ ಅಲ್ಲಿಂದ ಹೊರಟ ಪ್ಲೇಗು ಲಸಿಕೆಯ ಪ್ರಮಾಣ ಸುಮಾರು ೨ ಕೋಟಿ ೬೦ ಲಕ್ಷ ಡೋಸುಗಳು. ೧೯೬೪ರಲ್ಲಿ ಭಾರತದ ಅಂಚೆ ಇಲಾಖೆ ಆತನ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು. ಪ್ರತಿಜೀವಕ ಔಷಧಿಗಳು ಬಂದ ಮೇಲೆ ಪ್ಲೇಗು ಗುಣಪಡಿಸಬಹುದಾದ ರೋಗವಾಗಿ, ಆತನ ಲಸಿಕೆ ನಿತ್ಯದ ಬಳಕೆಯಿಂದ ಹಿಂದೆ ಸರಿಯಿತು.

ಒಟ್ಟಾರೆಯಾಗಿ ನೋಡಿದಾಗ, ಹಾಫ್‌ಕಿನ್‌ನ ಮುಖ್ಯ ಕೊಡುಗೆ ಎರಡು ಲಸಿಕೆಗಳಿಗೆ ಸೀಮಿತವಾದುದಲ್ಲ. ಬದುಕುಳಿದವರನ್ನು ಕಾಣುವಂತೆ ಮಾಡಬಲ್ಲ ಲೆಕ್ಕದ ಕ್ರಮವನ್ನು ಆತ ಬಸ್ತಿ, ಸೆರೆಮನೆ, ಹಳ್ಳಿ, ಪಟ್ಟಣಗಳಲ್ಲಿ ಹಂತಹಂತವಾಗಿ ಕಟ್ಟಿದನು. ಮುಲ್ಕೋವಾಲ್‌ನಲ್ಲಿ ಸತ್ತ ೧೯ ಮಂದಿ ಸರ್ಕಾರಿ ಕಡತಗಳಲ್ಲಿ ದಾಖಲಾಗಿದ್ದಾರೆ. ಹುಬ್ಬಳ್ಳಿಯ ಓಣಿಗಳಲ್ಲಿ ಅದೇ ಲಸಿಕೆ ಪಡೆದು ಪ್ಲೇಗಿನ ವರ್ಷಗಳನ್ನು ದಾಟಿದವರು ಯಾವ ಕಡತದಲ್ಲಿಯೂ ಹೆಸರಾಗಿ ಉಳಿದಿಲ್ಲ, ಉಳಿಯಲು ಕಾರಣವೂ ಇರಲಿಲ್ಲ. ಈ ಇಬ್ಬರಿಗೂ ನ್ಯಾಯ ಸಲ್ಲಿಸುವ ಚರಿತ್ರೆಯೊಂದೇ ಹಾಫ್‌ಕಿನ್‌ನಿಗೂ ನ್ಯಾಯ ಸಲ್ಲಿಸಬಲ್ಲದು.